ಪೂರ್ತಿ ಗುಣ ಆಗದ ಕಾಯಿಲೆ ಇರುವವರು, ಅವರ ಮನೆಯವರು: ಉಡುಪಿ-ಮಂಗಳೂರು ಕಡೆಯವರು ಇಲ್ಲಿ ಬರೆಯಿರಿ

ಶಂಕರಪುರದ ಅಕ್ಕ:

ಎಲ್ಲರಿಗೂ ನಮಸ್ಕಾರ. ನನಗೆ ಸಂಧಿವಾತ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಲ್ಲ, ರುಮಟಾಯ್ಡ್ ಎನ್ನುತ್ತಾರಲ್ಲ, ಅದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಗಂಟುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮದ್ದು ತೆಗೆದುಕೊಂಡರೆ ಹತೋಟಿಯಲ್ಲಿ ಇರುತ್ತದೆ. ಬುಡಸಮೇತ ಹೋಗುವುದಿಲ್ಲ.

ಈ ಕಾಯಿಲೆಯಲ್ಲಿ ಬೆಳಗ್ಗೆ ಎದ್ದಾಗ ಬೆರಳು ಮಡಚುವುದಿಲ್ಲ. ಒಂದು ಗಂಟೆ, ಕೆಲವು ದಿನ ಅದಕ್ಕಿಂತ ಜಾಸ್ತಿ. ನಮ್ಮದು ಮಲ್ಲಿಗೆ ಕೃಷಿ. ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದವರಿಗೆ ಹೇಳುತ್ತೇನೆ. ಮೊಗ್ಗು ಬೆಳಗಿನ ಜಾವವೇ ಕೊಯ್ಯಬೇಕು. ಬಿಸಿಲು ಏರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಕಟ್ಟೆಗೆ, ಅಂದರೆ ಹೂ ಖರೀದಿ ಮಾಡುವ ಜಾಗಕ್ಕೆ, ಮುಟ್ಟಿಸಬೇಕು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಎಡಗೈಯ ಎರಡು ಬೆರಳಲ್ಲಿ ಮೊಗ್ಗು ಹಿಡಿದು ಬಲಗೈಯಲ್ಲಿ ನಾರು ಸುತ್ತಿ ಎಳೆಯಬೇಕು. ಎಳೆತ ಜಾಸ್ತಿ ಆದರೆ ತೊಟ್ಟು ಮುರಿಯುತ್ತದೆ, ಕಡಿಮೆ ಆದರೆ ಹೂ ಜಾರುತ್ತದೆ. ದಿನದಲ್ಲಿ ಯಾವ ಹೊತ್ತಿಗೆ ನನ್ನ ಕೈ ಕೆಲಸಕ್ಕೇ ಬಾರದೋ, ಸರಿಯಾಗಿ ಆ ಹೊತ್ತಿಗೆ ಬೇಕಾದ ಕಸುಬು ಇದು.

ಕೈ ನಿಂತ ಮೇಲೆ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ನೀನು ಸುಮ್ನೆ ಕೂತ್ಕೋ, ನಾವು ನೋಡ್ಕೊಳ್ತೇವೆ." ನೋವಿಗಿಂತ ಆ ಕೂರುವುದೇ ಕಷ್ಟವಾಯಿತು. ಬೆಳಗ್ಗೆ ಐದಕ್ಕೆ ಮನೆಯಿಡೀ ಓಡಾಡುತ್ತಿರುತ್ತದೆ, ನಾನೊಬ್ಬಳು ಗೋಡೆಗೆ ಒರಗಿ ನೋಡುವುದು.

ಈಗ ಹೀಗೆ ಮಾಡಿಕೊಂಡಿದ್ದೇವೆ. ಅಕ್ಕಪಕ್ಕದ ಮೂರು ಮನೆಯ ಹೆಂಗಸರು ಕಟ್ಟುತ್ತಾರೆ. ಯಾರ ಮನೆಯಿಂದ ಎಷ್ಟು ಚೆಂಡು ಬಂತು, ಕಟ್ಟೆಯಲ್ಲಿ ಇವತ್ತಿನ ದರ ಎಷ್ಟು, ಯಾವ ಮದುವೆ ಮನೆಗೆ ಎಷ್ಟು ಅಟ್ಟೆ ಬೇಕು, ಎಲ್ಲ ಲೆಕ್ಕ ನನ್ನದು. ಪೆನ್ನು ಹಿಡಿಯಲು ಆಗದ ದಿನ ಫೋನಿನಲ್ಲಿ ಮಾತಾಡಿ ದಾಖಲಿಸುತ್ತೇನೆ. ದರ ದಿನಕ್ಕೊಂದು ಇರುವ ವ್ಯಾಪಾರ ಇದು. ಮದುವೆ ಸೀಸನ್‌ನಲ್ಲಿ, ನವರಾತ್ರಿಗೆ ಏರುತ್ತದೆ, ಶುಭಕಾರ್ಯ ಇಲ್ಲದ ದಿನಗಳಲ್ಲಿ ಇಳಿಯುತ್ತದೆ. ಲೆಕ್ಕ ತಪ್ಪಿದರೆ ನಾಲ್ಕು ಮನೆಗೆ ನಷ್ಟ. ಹಾಗಾಗಿ ಬೆಳಗ್ಗೆ ಆರಾದರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಆ ಹೆಂಗಸರು ನನ್ನ ಮಾತಿಗೆ ಕಾಯುತ್ತಿರುತ್ತಾರೆ.

ನನಗೆ ಅನ್ನಿಸಿದ್ದು ಇಷ್ಟು. ಕಾಯಿಲೆಯವರಿಗೆ ಮದ್ದು ಬೇಕು, ಆರೈಕೆ ಬೇಕು, ಅದರ ಜೊತೆಗೆ ನಾವು ಮಾಡದಿದ್ದರೆ ಯಾರಿಗೋ ತೊಂದರೆ ಆಗುವಂಥ ಒಂದು ಕೆಲಸವೂ ಬೇಕು. ಎಷ್ಟು ಸಣ್ಣದಾದರೂ ಸರಿ. ಅದು ಇದ್ದರೆ ಬೆಳಗ್ಗೆ ಏಳಲು ಕಾರಣ ಬೇರೆ ಹುಡುಕಬೇಕಿಲ್ಲ.

ನಿಮ್ಮನ್ನು ಎತ್ತಿ ನಿಲ್ಲಿಸಿದ್ದು ಯಾವುದು? ಧೈರ್ಯ ತುಂಬುವ ಮಾತು ಬೇಡ, ಅದು ವಾಟ್ಸಾಪಿನಲ್ಲಿ ಬೇಕಾದಷ್ಟು ಬರುತ್ತದೆ. ನಿಮ್ಮ ಮನೆಯಲ್ಲಿ ನಡೆಯುವುದನ್ನು ಬರೆಯಿರಿ.

ಬ್ರಹ್ಮಾವರ ಮಾಷ್ಟ್ರು:

ಅಕ್ಕ, ನಾನು ನಿವೃತ್ತ ಶಾಲಾ ಮಾಷ್ಟ್ರು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹೋಗಿ ಬರುವುದು ಸೇರಿದರೆ ಆ ದಿನ ಮುಗಿಯಿತು.

ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ. ಎರಡು ರಕ್ತನಾಳಗಳನ್ನು, ಶುದ್ಧರಕ್ತದ್ದೊಂದು ಅಶುದ್ಧರಕ್ತದ್ದೊಂದು, ಒಂದಕ್ಕೊಂದು ಕೂಡಿಸಿ ಹೊಲಿದದ್ದು. ಅಲ್ಲಿ ರಕ್ತ ರಭಸದಿಂದ ಹರಿಯುತ್ತದೆ. ಬೆರಳಿಟ್ಟರೆ ಒಳಗೆ ಜುಂ ಎನ್ನುತ್ತದೆ. ಬೆಳಗ್ಗೆ ಎದ್ದ ಕೂಡಲೇ ನನ್ನ ಮೊದಲ ಕೆಲಸ ಆ ಜುಂ ಇದೆಯಾ ಎಂದು ಮುಟ್ಟಿ ನೋಡುವುದು. ಇಲ್ಲದಿದ್ದರೆ ಕಾಫಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಆ ಕೈಯಲ್ಲಿ ಬಿಪಿ ನೋಡಲು, ಸೂಜಿ ಚುಚ್ಚಲು ಬೇರೆ ಯಾರಿಗೂ ಬಿಡಬಾರದು. ಅದರ ಮೇಲೆ ಮಲಗಲೂಬಾರದು.

ಇನ್ನು ಊಟ. ಕರಾವಳಿಯವನಿಗೆ ಬೊಂಡ (ಎಳನೀರು) ಬಂದ್ ಎಂದರೆ ಹೇಗಾಗಬೇಡ? ಬೊಂಡದ ನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ನಮ್ಮ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಏರಿದರೆ ಹೃದಯಕ್ಕೇ ಹೊಡೆತ. ಬಸಳೆ, ಹರಿವೆಗೂ ಲೆಕ್ಕ ಇಡಬೇಕು. ತರಕಾರಿ ಹೆಚ್ಚಿ ನೀರಿನಲ್ಲಿ ನೆನೆಸಿ, ಬೇಯಿಸಿದ ನೀರು ಚೆಲ್ಲಿ ಆಮೇಲೆ ಒಗ್ಗರಣೆ. ಕುಚ್ಚಲಕ್ಕಿ ಗಂಜಿ ಉಣ್ಣುವವರು ಗಂಜಿಯ ತಿಳಿಯನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಬೇಕು. ಇದನ್ನು ಎಷ್ಟೋ ಮಂದಿ ಮರೆಯುತ್ತಾರೆ. ಒಂದು ಮಾತು ಮಾತ್ರ ಜೋರಾಗಿ ಹೇಳುತ್ತೇನೆ, ಕಿಡ್ನಿ ಕೆಟ್ಟವರು ದಾರೆಹುಳಿ (ಸ್ಟಾರ್ ಫ್ರೂಟ್) ಬಾಯಿಗೆ ಹಾಕಲೇಬಾರದು. ಹಿತ್ತಲಿನ ಹಣ್ಣು, ಏನಾಗುತ್ತದೆ ಅಂದುಕೊಳ್ಳಬೇಡಿ. ಅದರಲ್ಲಿರುವ ವಿಷ ಕಿಡ್ನಿ ಸರಿ ಇದ್ದರೆ ಹೊರಗೆ ಹೋಗುತ್ತದೆ, ನಮ್ಮಂಥವರಲ್ಲಿ ಮೆದುಳಿಗೆ ಏರುತ್ತದೆ. ಬಿಕ್ಕಳಿಕೆ ನಿಲ್ಲದೆ ಬರುತ್ತದೆ, ಆಮೇಲೆ ಬುದ್ಧಿ ಮಂಕಾಗುತ್ತದೆ, ಅಪಸ್ಮಾರ ಬರುತ್ತದೆ. ಜೀವ ಹೋದದ್ದೂ ಉಂಟು.

ಈಗ ನಿಮ್ಮ ವಿಷಯಕ್ಕೆ. ನಿಮ್ಮ ಮಾತು ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಯಾರಿಗಾದರೂ ಉಪಯೋಗಕ್ಕೆ ಬಂದರೆ ಮಾತ್ರ ಬದುಕಿಗೆ ಬೆಲೆಯೇ? ಡಯಾಲಿಸಿಸ್ ಮುಗಿಸಿ ಬಂದ ಸಂಜೆ ನನಗೆ ನಿಲ್ಲಲೂ ತ್ರಾಣ ಇರುವುದಿಲ್ಲ. ಆ ಹೊತ್ತು ನಾನು ಯಾರಿಗೂ ಬೇಡದವನೇ? ಹಾಸಿಗೆ ಬಿಟ್ಟು ಏಳಲಾಗದವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ನೀವು ಏನು ಹೇಳುತ್ತೀರಿ?

ನನಗೆ ಬಲ ಕೊಟ್ಟದ್ದು ನನಗೆ ಖುಷಿ ಕೊಡುವ ಕೆಲಸ. ಮೊದಲು ಹವ್ಯಾಸಿ ಸಂಘದಲ್ಲಿ ಯಕ್ಷಗಾನ ವೇಷ ಹಾಕುತ್ತಿದ್ದೆ. ಕಿರೀಟದ ಭಾರ, ಕುಣಿತ, ರಾತ್ರಿಯಿಡೀ ನಿದ್ದೆಗೆಡುವುದು, ಈಗ ಇದೆಲ್ಲ ಆಗದ ಮಾತು. ಆದರೆ ತಾಳಮದ್ದಳೆ ಇದೆಯಲ್ಲ. ವೇಷವೂ ಬೇಡ, ಕುಣಿತವೂ ಬೇಡ. ಭಾಗವತರು ಪದ ಹೇಳುತ್ತಾರೆ, ನಾವು ಕುಳಿತಲ್ಲೇ ಅರ್ಥ ಹೇಳುವುದು. ಡಯಾಲಿಸಿಸ್ ಮಾರನೆಯ ದಿನಕ್ಕೆ ಕೂಟ ಇಟ್ಟುಕೊಳ್ಳುತ್ತಾರೆ, ಆವತ್ತು ಮೈ ಸ್ವಲ್ಪ ಹಗುರ ಇರುತ್ತದೆ. ಬಾಯಿ ಒಣಗಿದರೆ ಒಂದು ಚೂರು ಐಸ್ ಇಟ್ಟುಕೊಳ್ಳುತ್ತೇನೆ. ವಿದುರ, ಭೀಷ್ಮ ನನಗೆ ಒಗ್ಗುವ ಪಾತ್ರಗಳು. ಮೆಷಿನ್ ಪಕ್ಕ ಮಲಗಿರುವ ನಾಲ್ಕು ಗಂಟೆಯೂ ನಾನು ಮುಂದಿನ ಕೂಟದ ಮಾತು ಕಟ್ಟುತ್ತಿರುತ್ತೇನೆ. ನಾನು ಹೋಗದಿದ್ದರೆ ಕೂಟ ನಿಲ್ಲುವುದಿಲ್ಲ, ಬೇರೆಯವರು ಅರ್ಥ ಹೇಳುತ್ತಾರೆ. ಆದರೂ ಹೋಗುತ್ತೇನೆ. ನನಗೆ ಅದು ಬೇಕು.

ಕುಡ್ಲದ ಹುಡುಗಿ:

ಮಾಷ್ಟ್ರೇ, ನಿಮ್ಮ ಪ್ರಶ್ನೆ ಓದಿ ಒಂದು ಸಲ ಉಸಿರು ಬಿಟ್ಟೆ. ಥ್ಯಾಂಕ್ಸ್.

ನನಗೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣು. ರಕ್ತ ಹೋಗುತ್ತದೆ, ಹೊಟ್ಟೆ ಹಿಂಡುತ್ತದೆ, ಅವಸರ ಬಂದರೆ ಎರಡು ನಿಮಿಷವೂ ತಡೆಯಲು ಆಗುವುದಿಲ್ಲ. ಕೆಲವು ತಿಂಗಳು ತಣ್ಣಗಿರುತ್ತದೆ, ಮತ್ತೆ ಕೆರಳುತ್ತದೆ. ತಣ್ಣಗಿರುವಾಗ "ಈಗ ಸರಿ ಆಯ್ತಲ್ಲ, ಮಾತ್ರೆ ಯಾಕೆ" ಎಂದು ಎಲ್ಲರೂ ಕೇಳುತ್ತಾರೆ. ಆ ಮಾತ್ರೆಯಿಂದಲೇ ಅದು ತಣ್ಣಗಿರುವುದು.

ಉಡುಪಿಯ ಅಜ್ಜಿ ಮನೆಗೆ ಬಸ್ಸಿನಲ್ಲಿ ಹೋಗುವಾಗ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಎಲ್ಲೆಲ್ಲಿ ಇಳಿದರೆ ಟಾಯ್ಲೆಟ್ ಹತ್ತಿರ ಎಂದು ನನಗೆ ಬಾಯಿಪಾಠ. ಬೇರೆಯವರು ಕಿಟಕಿಯಿಂದ ಗದ್ದೆ, ಹೊಳೆ ನೋಡುತ್ತಾರೆ. ನಾನು ಪೆಟ್ರೋಲ್ ಬಂಕ್ ನೋಡುತ್ತಿರುತ್ತೇನೆ.

ನನಗೆ ಕೋಪ ಬರುವುದು ಎರಡು ಮಾತಿಗೆ. ಒಂದು, "ನೋಡಿದ್ರೆ ಚೆನ್ನಾಗಿಯೇ ಇದ್ದೀಯಲ್ಲ." ಎರಡನೆಯದು, "ನೀನು ತುಂಬ ಧೈರ್ಯದವಳು." ಧೈರ್ಯದವಳು ಎಂದು ಹೇಳಿದ ಮೇಲೆ ಅವರ ಎದುರು ಅಳುವ ಹಾಗಿಲ್ಲ, ಅಲ್ವಾ? ಮೊನ್ನೆ ಒಂದು ಬ್ರಹ್ಮಕಲಶದ ಊಟದಲ್ಲಿ ದೂರದ ಸಂಬಂಧಿಯೊಬ್ಬರು, ಎಲೆ ಎದುರು ಕೂತಿರುವಾಗಲೇ, "ಯಾವ ನಾಗದೋಷವೋ, ಹಿಂದಿನ ಜನ್ಮದ್ದೋ" ಅಂದರು. ಅಮ್ಮನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ನನಗೆ ಏನು ಹೇಳಿದರೂ ತಡೆದುಕೊಳ್ಳುತ್ತೇನೆ. ಅಮ್ಮ ತಾನೇನೋ ಪಾಪ ಮಾಡಿದೆ ಎಂದು ರಾತ್ರಿ ನಿದ್ದೆ ಬಿಡುವುದನ್ನು ನೋಡಲು ಆಗುವುದಿಲ್ಲ.

ಈಗ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. "ಮೊದಲೇ ಹೇಳುವುದು ಬೇಡ, ಮದುವೆ ಆದ ಮೇಲೆ ನಿಧಾನಕ್ಕೆ ಹೇಳಿದರಾಯಿತು" ಎನ್ನುತ್ತಾರೆ. ನೀವೆಲ್ಲ ಏನು ಹೇಳುತ್ತೀರಿ?

ಶಂಕರಪುರದ ಅಕ್ಕ:

ತಂಗಿ, ಮುಚ್ಚಿಡಬೇಡ. ನಾನು ಇದರಲ್ಲಿ ಎರಡು ಮಾತು ಆಡುವುದಿಲ್ಲ. ಮಾತ್ರೆಯನ್ನು ಅಡಗಿಸಿ ನುಂಗಬೇಕಾದ ಮನೆಯಲ್ಲಿ ನಿನ್ನ ಕಾಯಿಲೆ ಕೆರಳಿದರೆ ಯಾರ ಹತ್ತಿರ ಹೇಳುತ್ತೀಯ? ಜಾತಕ ಕೊಟ್ಟು ತೆಗೆದುಕೊಂಡು ಎರಡು ಕಡೆಗೂ ಮನಸ್ಸು ಬಂದ ಮೇಲೆ, ನಿಶ್ಚಿತಾರ್ಥಕ್ಕೆ ಮೊದಲು, ಹುಡುಗನ ಹತ್ತಿರ ನೇರ ನೀನೇ ಮಾತಾಡು. ಹಿರಿಯರ ಬಾಯಿಯಿಂದ ಹೋದರೆ ಅದು ಒಂದಕ್ಕೆ ಹತ್ತಾಗುತ್ತದೆ. ಬೇಕಾದರೆ ಅವನನ್ನು ಒಂದು ಸಲ ನಿನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಿನ್ನ ಕಾಯಿಲೆ ಇರುವವರು ಮದುವೆ ಆಗುತ್ತಾರೆ, ಮಕ್ಕಳಾಗುತ್ತವೆ. ಕಾಯಿಲೆ ತಣ್ಣಗಿರುವ ಸಮಯ ನೋಡಿ, ಡಾಕ್ಟರನ್ನು ಕೇಳಿಕೊಂಡು ಮುಂದುವರಿದರೆ ಆಯಿತು. ಇದನ್ನು ಡಾಕ್ಟರೇ ಹೇಳಿದರೆ ಅವನಿಗೂ ಅವನ ಮನೆಯವರಿಗೂ ಧೈರ್ಯ.

ಮಾಷ್ಟ್ರೇ, ನಿಮ್ಮ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಉತ್ತರ ಯೋಚಿಸಿ ಬರೆಯುತ್ತೇನೆ.

ಬೆಂದೂರಿನವಳು:

ನಾನು ಬರೆಯುತ್ತೇನೆ, ನನಗೆ ಕಾಯಿಲೆ ಇಲ್ಲ. ನಮ್ಮವರಿಗೆ ಪಾರ್ಕಿನ್ಸನ್ಸ್, ಕೈ ನಡುಗಿ ಮೈ ಬಿಗಿಯುವ ಕಾಯಿಲೆ. ಮಾಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿ ದಿನಾ ನಡೆಯುತ್ತದೆ.

ಅವರು ಬಂದರಿನಲ್ಲಿ ಕೆಲಸ ಮಾಡಿದವರು, ಗಟ್ಟಿ ಆಳು. ಈಗ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಸ್ವರ ಸಣ್ಣ ಆಗಿದೆ, ಮುಖದಲ್ಲಿ ನಗು ಮೂಡುವುದಿಲ್ಲ. ಬಂದವರು ಇವರಿಗೆ ಸಿಟ್ಟು ಬಂದಿದೆ ಅಂದುಕೊಳ್ಳುತ್ತಾರೆ. ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿಯುವುದೇ ಹಾಗೆ. ಮದ್ದು ಗಂಟೆ ಹೊಡೆದಂತೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಲೆವೊಡೋಪಾ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ನಮ್ಮವರಿಗೆ ಚೆನ್ನಾಗಿ ಹಿಡಿಯುತ್ತದೆ. ಮೀನು, ಮಾಂಸ, ಮೊಟ್ಟೆ ಜೊತೆ ಕೊಟ್ಟರೆ ಕೆಲಸ ಮಾಡುವುದಿಲ್ಲ, ಪ್ರೋಟೀನ್ ಅಡ್ಡ ಬರುತ್ತದೆ.

ನಡೆಯುವಾಗ ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಎಳೆದರೆ ಬೀಳುತ್ತಾರೆ. ಫಿಸಿಯೋ ಹೇಳಿದ ಮೇಲೆ ನೆಲಕ್ಕೆ ಬಣ್ಣದ ಟೇಪ್ ಅಡ್ಡಡ್ಡ ಅಂಟಿಸಿದ್ದೇವೆ. ಒಂದೊಂದು ಗೆರೆ ದಾಟುವ ಹಾಗೆ ಹೆಜ್ಜೆ ಇಡುತ್ತಾರೆ. ಟೇಪ್ ಇಲ್ಲದ ಕಡೆ ನಾನು ಇಗರ್ಜಿಯ ಒಂದು ಕೊಂಕಣಿ ಗೀತೆ ಹಾಡುತ್ತೇನೆ. ತಾಳಕ್ಕೆ ಕಾಲು ಏಳುತ್ತದೆ. ನೋಡಿದವರು ನಂಬುವುದಿಲ್ಲ.

ಈಗ ಮುಖ್ಯ ವಿಷಯ. ಬೆಳಗ್ಗೆ ಮೀನಿನವನು ಸ್ಕೂಟರಿನಲ್ಲಿ ಬರುತ್ತಾನೆ. ಹಾರ್ನ್ ಕೇಳಿದ ಕೂಡಲೇ ನಮ್ಮವರು ಕುರ್ಚಿಯಿಂದ ಏಳಲು ಶುರು ಮಾಡುತ್ತಾರೆ. ಗೇಟಿಗೆ ಮುಟ್ಟಲು ಹೊತ್ತು ಬೇಕು. ಅವನು ಕಾಯುತ್ತಾನೆ, ಬೇರೆ ಮನೆಯವರಿಗೆ ಕೊಡುತ್ತಾ ಇರುತ್ತಾನೆ. ಇವರು ನಡುಗುವ ಕೈಯಲ್ಲೇ ಬಂಗುಡೆಯ ಕಿವಿರು ಎತ್ತಿ ಕೆಂಪು ನೋಡುತ್ತಾರೆ, ಬೆನ್ನು ಒತ್ತಿ ಗಟ್ಟಿ ಇದೆಯಾ ನೋಡುತ್ತಾರೆ. ಬೂತಾಯಿ ಆದರೆ ಕಣ್ಣು ನೋಡುತ್ತಾರೆ. ಬೇಡ ಅಂದರೆ ಬೇಡ. ನಾನು ಹೋದರೆ ಎರಡು ನಿಮಿಷದ ಕೆಲಸ. ನಾನು ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಇವತ್ತು ಯಾವ ಮೀನು ಎಂದು ತೀರ್ಮಾನ ಮಾಡುವುದು ಇವತ್ತಿಗೂ ಅವರೇ. ಮಗ ಕುವೈತಿನಿಂದ ಫೋನ್ ಮಾಡಿದರೆ ಮೊದಲು ಕೇಳುವುದು, "ಪಪ್ಪಾ, ಇವತ್ತು ಎಂತ ಮೀನು?"

ಮಾಷ್ಟ್ರೇ, ಕೆಲಸ ಮಾಡಲು ಆಗದವರಿಗೂ ತೀರ್ಮಾನ ಮಾಡಲು ಆಗುತ್ತದೆ. ಮನೆಯವರು ಅದನ್ನು ಕಿತ್ತುಕೊಳ್ಳಬಾರದು ಅಷ್ಟೇ. ಪ್ರೀತಿಯಿಂದಲೇ ಕಿತ್ತುಕೊಳ್ಳುತ್ತೇವೆ ನಾವು.

ಬ್ರಹ್ಮಾವರ ಮಾಷ್ಟ್ರು:

ಬೆಂದೂರಿನ ಬಾಯಿಯವರೇ, ನೀವು ಬರೆದದ್ದನ್ನು ನಾನು ಎರಡು ಸಲ ಓದಿದೆ. ನನ್ನ ಪ್ರಶ್ನೆಯ ದೊಡ್ಡ ಪಾಲಿಗೆ ಉತ್ತರ ಸಿಕ್ಕಿತು. ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು ಕೂಡಲೇ ಹೇಳಿದ್ದು, "ಹಾಗಾದ್ರೆ ನಾಳೆಯಿಂದ ನಿಮ್ಮ ನೀರಿನ ಲೆಕ್ಕ ನೀವೇ ಇಡಿ, ನಾನು ಕಾವಲು ಕಾಯುವುದಿಲ್ಲ." ಒಪ್ಪಿದ್ದೇನೆ. ಒಂದು ಬಾಟ್ಲಿಗೆ ದಿನದ ನೀರು ತುಂಬಿಸಿಡುವುದು. ಕಾಫಿ ಕುಡಿದರೆ ಅಷ್ಟೇ ನೀರು ಬಾಟ್ಲಿಯಿಂದ ಚೆಲ್ಲುವುದು. ಎಷ್ಟು ಉಳಿದಿದೆ ಎಂದು ಕಣ್ಣಿಗೇ ಕಾಣುತ್ತದೆ.

ಕಾರ್ಕಳದವ:

ಎಲ್ಲರಿಗೂ ನಮಸ್ಕಾರ. ಬೇಜಾರು ಮಾಡಬೇಡಿ, ಒಳ್ಳೆಯದಕ್ಕೇ ಹೇಳುತ್ತೇನೆ. ನಮ್ಮ ಕಡೆ ಒಬ್ಬರು ನಾಟಿ ಮದ್ದು ಕೊಡುತ್ತಾರೆ. ಗಂಟು ನೋವಿಗೆ ಅವರ ಪುಡಿ ಎಂದರೆ ಮೂರು ದಿನದಲ್ಲಿ ನಡೆಯುವವರು ಓಡುತ್ತಾರೆ. ಪಾರ್ಕಿನ್ಸನ್ಸ್‌ಗೆ ನಸುಗುನ್ನಿ ಬೀಜ ಕೊಡುತ್ತಾರೆ. ಇಂಗ್ಲಿಷ್ ಮದ್ದು ಬಿಟ್ಟು ಒಂದು ಮಂಡಲ ನೋಡಿ. ಜೊತೆಗೆ ಒಂದು ಹರಕೆಯೂ ಹೇಳಿಕೊಳ್ಳಿ.

ಮದ್ದಿನ ಅಂಗಡಿಯವ:

ಅಣ್ಣ, ಹರಕೆ ಹೇಳಿಕೊಳ್ಳಲು ನನ್ನದೇನೂ ಅಡ್ಡಿ ಇಲ್ಲ. ನಮ್ಮ ಮನೆಯಲ್ಲೂ ಹೇಳಿಕೊಂಡಿದ್ದೇವೆ, ಕಟೀಲಿಗೆ ಹೋಗಿ ಬಂದಿದ್ದೇವೆ, ಮನಸ್ಸಿಗೆ ಬಲ ಬಂದಿದೆ. ಆದರೆ ಮದ್ದು ಬಿಡಿ ಎನ್ನಬೇಡಿ. ನಾನು ಡಾಕ್ಟರ್ ಅಲ್ಲ, ಮಂಗಳೂರಿನಲ್ಲಿ ಮೆಡಿಕಲ್ ಅಂಗಡಿ ನಡೆಸುವವನು, ಫಾರ್ಮಸಿ ಓದಿದವನು. ಗೊತ್ತಿರುವುದನ್ನು ಮಾತ್ರ ಹೇಳುತ್ತೇನೆ.

ಮೂರು ದಿನದಲ್ಲಿ ಓಡಿಸುವ, ಹೆಸರಿಲ್ಲದ ಪುಡಿಯನ್ನು ಕಂಡರೆ ನನಗೆ ಹೆದರಿಕೆ. ಅಂಥ ಪುಡಿಗಳನ್ನು ಪರೀಕ್ಷೆ ಮಾಡಿದಾಗ ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿದೆ. ನೋವು ಥಟ್ಟನೆ ಇಳಿಯುವುದು ಅದರಿಂದ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ಇನ್ನೊಂದು ಅಪಾಯ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ಇನ್ನೂ ಜಾಗ್ರತೆ ಬೇಕು. ಮಾತ್ರೆಯಲ್ಲಿ ಅಳತೆ ಇದೆ, ಬೀಜದಲ್ಲಿ ಇಲ್ಲ. ಎರಡೂ ಸೇರಿದರೆ ಪ್ರಮಾಣ ಮೀರುತ್ತದೆ. ಯಾವುದೇ ಪುಡಿ, ಕಷಾಯ ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ, ಬೈದರೆ ಬೈಯಲಿ.

ಸಂಧಿವಾತದವರಿಗೆ ಮೆಥೋಟ್ರೆಕ್ಸೇಟ್ ಬರೆದಿದ್ದರೆ ಅದು ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ಇದರಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ಮನೆಯ ಕ್ಯಾಲೆಂಡರಿನಲ್ಲಿ ಆ ಒಂದು ದಿನಕ್ಕೆ ಕೆಂಪು ಗೆರೆ ಹಾಕಿ. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಮಾತ್ರೆ ಬಾಯಿಹುಣ್ಣು, ವಾಂತಿ ಕಡಿಮೆ ಮಾಡಲು. ಅದನ್ನು ಯಾವ ದಿನ ಎಂದು ಡಾಕ್ಟರ್ ಹೇಳಿದ ಹಾಗೆ ಮಾಡಿ. ಲಿವರ್, ರಕ್ತಕಣದ ಪರೀಕ್ಷೆ ಹೇಳಿದ ಹೊತ್ತಿಗೆ ಮಾಡಿಸಲೇಬೇಕು. ಮಗು ಬೇಕೆಂದು ಇರುವವರಿಗೆ ಈ ಮದ್ದು ಆಗುವುದಿಲ್ಲ, ಮೊದಲೇ ಹೇಳಬೇಕು.

ಇನ್ನೊಂದು. "ನೋವಿಗೆ ಒಂದು ಸ್ಟ್ರಿಪ್ ಕೊಡಿ" ಎಂದು ದಿನಾ ಎಷ್ಟೋ ಮಂದಿ ಬರುತ್ತಾರೆ. ಚೀಟಿ ಇಲ್ಲದೆ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು. ಬಿಪಿ, ಸಕ್ಕರೆ ಇದ್ದವರಿಗೆ ಇನ್ನೂ ಬೇಗ. ಮಾಷ್ಟ್ರು ಮಲಗುವ ಹಾಸಿಗೆಯ ಪಕ್ಕಕ್ಕೆ ಹೊಸಬರು ಬರುವುದು ಬೇಡ.

ಖರ್ಚಿಗೆ ಹೆದರಿ ಮದ್ದು ಬಿಡುವವರೂ ಇದ್ದಾರೆ. ಜನೌಷಧಿ ಕೇಂದ್ರದಲ್ಲಿ ಸಿಗುತ್ತದಾ ಎಂದು ಮೊದಲು ಕೇಳಿ. ನನ್ನ ವ್ಯಾಪಾರ ಕಡಿಮೆ ಆದರೂ ಪರವಾಗಿಲ್ಲ. ಡಯಾಲಿಸಿಸ್‌ಗೆ 2016ರಿಂದ ಕೇಂದ್ರದ ಕಾರ್ಯಕ್ರಮ ಇದೆ, ಬಿಪಿಎಲ್ ಕಾರ್ಡಿನವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಉಡುಪಿಯವರು ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ, ಮಂಗಳೂರಿನವರು ವೆನ್ಲಾಕ್‌ನಲ್ಲಿ ವಿಚಾರಿಸಿ.

ಕಾರ್ಕಳದವ:

ಸ್ಟೀರಾಯ್ಡ್ ವಿಷಯ ಗೊತ್ತಿರಲಿಲ್ಲ. ನಮ್ಮ ಚಿಕ್ಕಮ್ಮ ಆ ಪುಡಿ ತಿನ್ನುತ್ತಿದ್ದಾರೆ, ಮುಖ ದಪ್ಪ ಆಗಿದೆ. ಮೈ ಹಿಡಿದಿದೆ ಎಂದು ಎಲ್ಲರೂ ಖುಷಿಯಲ್ಲಿ ಇದ್ದೆವು. ಈಗ ಏನು ಮಾಡುವುದು?

ಮದ್ದಿನ ಅಂಗಡಿಯವ:

ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ ಅಣ್ಣ. ಪುಡಿಯ ಪೊಟ್ಟಣ ಸಮೇತ ಫಿಜಿಶಿಯನ್ ಹತ್ತಿರ ಈ ವಾರವೇ ಕರೆದುಕೊಂಡು ಹೋಗಿ. ಸ್ಟೀರಾಯ್ಡ್ ಇದ್ದರೆ ಹಂತ ಹಂತವಾಗಿ ಇಳಿಸಬೇಕು, ಅದು ಡಾಕ್ಟರ ಕೆಲಸ. ಸಕ್ಕರೆ, ಬಿಪಿಯೂ ನೋಡಿಸಿ.

ಕುಡ್ಲದ ಹುಡುಗಿ:

ಬೆಂದೂರಿನ ಆಂಟಿ, ನಿಮ್ಮ ಹತ್ತಿರ ಒಂದು ಕೇಳಬೇಕು. ನೀವು ನಿಮ್ಮವರ ಬಗ್ಗೆ ಮಾತ್ರ ಬರೆದಿರಿ. ನೀವು ಹೇಗಿದ್ದೀರಿ? ನನ್ನ ಅಮ್ಮನನ್ನು ಯಾರೂ ಹೀಗೆ ಕೇಳುವುದಿಲ್ಲ, ಅದಕ್ಕೆ ಕೇಳಿದೆ.

ಬೆಂದೂರಿನವಳು:

ಮಗಾ, ಕೇಳಿದ್ದಕ್ಕೆ ದೇವ್ ಬರೆಂ ಕರುಂ. ನಿಜ ಹೇಳುತ್ತೇನೆ. ರಾತ್ರಿ ಅವರನ್ನು ಮಗ್ಗುಲು ತಿರುಗಿಸಲು ಏಳಬೇಕು. ನಿದ್ದೆ ಇಲ್ಲ. ಒಂದೊಂದು ದಿನ ಅವರ ಮೇಲೆ ಸಿಟ್ಟು ಬರುತ್ತದೆ. ಬಾತ್‌ರೂಮಿನಲ್ಲಿ ನಳ್ಳಿ ಬಿಟ್ಟು ಅತ್ತದ್ದು ಉಂಟು. ಹೀಗೇ ಇರುವಾಗ ಯಾರೋ 14416 ನಂಬರ್ ಕೊಟ್ಟರು. ಟೆಲಿ ಮಾನಸ್ ಎಂದು, ಕೇಂದ್ರ ಸರಕಾರದ್ದು, 2022ರಲ್ಲಿ ಶುರು ಆದದ್ದು. ದುಡ್ಡು ಇಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯ ಹುಡುಗಿ ನನಗೆ ಬುದ್ಧಿ ಹೇಳಲಿಲ್ಲ. ಪೂರ್ತಿ ಕೇಳಿದಳು. "ವಾರದಲ್ಲಿ ಎಷ್ಟು ಹೊತ್ತು ನೀವು ಮನೆಯಿಂದ ಹೊರಗೆ ಇರುತ್ತೀರಿ" ಎಂದು ಕೇಳಿದಳು. ನನಗೆ ಉತ್ತರವೇ ಬರಲಿಲ್ಲ.

ಈಗ ಗುರುವಾರ ಸಂಜೆ ನನ್ನ ತಂಗಿ ಬಂದು ಅವರ ಹತ್ತಿರ ಇರುತ್ತಾಳೆ. ನಾನು ಕದ್ರಿ ಪಾರ್ಕಿಗೆ ಹೋಗುತ್ತೇನೆ, ಒಂದು ಸುತ್ತು ಹಾಕುತ್ತೇನೆ, ಐಸ್‌ಕ್ರೀಮ್ ತಿನ್ನುತ್ತೇನೆ. ಮೊದಮೊದಲು ಗಂಡನನ್ನು ಬಿಟ್ಟು ತಿರುಗಾಡುತ್ತಾಳೆ ಎಂದು ಜನ ಏನು ಹೇಳುತ್ತಾರೋ ಅಂತ ಇತ್ತು. ಈಗ ಇಲ್ಲ. ಗುರುವಾರ ರಾತ್ರಿ ನನಗೆ ಅವರ ಮೇಲೆ ಸಿಟ್ಟೇ ಬರುವುದಿಲ್ಲ.

ಇನ್ನೊಂದು ಉಪಯೋಗದ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಸೇರಿಸಿದ್ದಾರೆ, ಅದರಲ್ಲಿ ಪಾರ್ಕಿನ್ಸನ್ಸ್ ಇದೆ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿ, ಸರಕಾರಿ ಆಸ್ಪತ್ರೆಯ ವೈದ್ಯರು ನೋಡಿ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಇರಬೇಕು. ಕಾರ್ಡ್ ಮಾಡಿಸುವಾಗ ನಮ್ಮವರು ಬೇಡ ಎಂದು ಹಟ ಹಿಡಿದರು, ಅವಮಾನ ಅನ್ನಿಸಿತು ಅವರಿಗೆ. ಒತ್ತಾಯ ಮಾಡಲಿಲ್ಲ. ತಿಂಗಳು ಕಳೆದ ಮೇಲೆ ಅವರೇ ಹೋಗೋಣ ಅಂದರು.

ಶಂಕರಪುರದ ಅಕ್ಕ:

ಮಾಷ್ಟ್ರೇ, ಯೋಚಿಸಿ ಬರೆಯುತ್ತೇನೆ ಎಂದಿದ್ದೆ. ಬೆಂದೂರಿನ ಬಾಯಿ ನನಗಿಂತ ಚೆನ್ನಾಗಿ ಹೇಳಿದ್ದಾರೆ. ಆದರೂ ನನ್ನ ಮಾತು ನಾನು ಬಿಡುವುದಿಲ್ಲ. ನಾನು ಹೇಳಿದ್ದು ಉಪಯೋಗಕ್ಕೆ ಬರಬೇಕು ಎಂದಲ್ಲ. ಎಣಿಕೆಯಲ್ಲಿ ಇರಬೇಕು ಎಂದು. ಬಾಯಿಯ ಮನೆಯಲ್ಲಿ ಮೀನಿನವನು ಗೇಟಿನ ಹೊರಗೆ ನಿಲ್ಲುತ್ತಾನಲ್ಲ, ಅದು ಎಣಿಕೆ. ನಿಮ್ಮ ಡಯಾಲಿಸಿಸ್ ದಿನ ನೋಡಿ ಕೂಟ ಇಡುತ್ತಾರಲ್ಲ, ಅದೂ ಅದೇ. ನೀವಿಲ್ಲದಿದ್ದರೂ ಕೂಟ ನಡೆಯುತ್ತದೆ ಎಂದು ನೀವೇ ಬರೆದಿದ್ದೀರಿ. ನಡೆಯುತ್ತದೆ, ಆದರೂ ಅವರು ದಿನ ಬದಲಿಸಿದ್ದಾರೆ. ಹವ್ಯಾಸಿಗಳ ಕೂಟಕ್ಕೆ ದಿನ ಹೊಂದಿಸುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ತಂಗಿ, ನೀನು ಕೆರಳಿದ ದಿನಗಳ ಬಗ್ಗೆ ಏನೂ ಹೇಳಲಿಲ್ಲ. ಆ ದಿನ ಏನು ಮಾಡುತ್ತೀಯ?

ಕುಡ್ಲದ ಹುಡುಗಿ:

ಏನೂ ಮಾಡುವುದಿಲ್ಲ ಅಕ್ಕ. ಹೊಟ್ಟೆಗೆ ಬಿಸಿನೀರಿನ ಚೀಲ ಇಟ್ಟು ಮಲಗುತ್ತೇನೆ. ಅಮ್ಮ ಮೆತ್ತಗಿನ ಗಂಜಿ ತರುತ್ತಾಳೆ. ಆ ದಿನ ಇದರಿಂದ ನಾನು ಏನು ಕಲಿತೆ ಎಂದು ಯಾರೂ ಕೇಳಬಾರದು. ಕಲಿಯುವುದೆಲ್ಲ ಎದ್ದ ಮೇಲೆ.

ಆದರೆ ಒಂದು ಇದೆ. ಆಸ್ಪತ್ರೆಯಲ್ಲಿ ಪರಿಚಯ ಆದ ಇನ್ನೊಬ್ಬಳು, ನನ್ನದೇ ಕಾಯಿಲೆ. ರಾತ್ರಿ ಎರಡಕ್ಕೆ ನಾನು ಎದ್ದಿದ್ದರೆ ಒಂದು ಚುಕ್ಕಿ ಮೆಸೇಜ್ ಹಾಕುತ್ತೇನೆ. ಬರೀ ಒಂದು ಚುಕ್ಕಿ. ಅವಳೂ ಎದ್ದಿದ್ದರೆ ವಾಪಸ್ ಒಂದು ಚುಕ್ಕಿ ಬರುತ್ತದೆ. ಮಾತಿಲ್ಲ. ಮಾತಾಡುವ ತ್ರಾಣ ಇಬ್ಬರಿಗೂ ಇರುವುದಿಲ್ಲ.

ಮದುವೆ ವಿಷಯ, ಹುಡುಗನ ಹತ್ತಿರ ನಾನೇ ಹೇಳುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ತುಂಬ ಹೊತ್ತು ಪೇಪರ್ ಓದಿದರು. ಆಮೇಲೆ, "ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರುತ್ತೇನೆ" ಅಂದರು.

ಕುಂದಾಪುರದಿಂದ ಹೊಸಬ:

ಮೇಲಿಂದ ಎಲ್ಲ ಓದಿದೆ. ನನ್ನ ಹೆಂಡತಿಗೆ ಮೂರು ವಾರದಿಂದ ಎರಡೂ ಕೈಯ ಬೆರಳ ಗಂಟು ಊದಿದೆ. ಬೆಳಗ್ಗೆ ದೋಸೆ ಹಿಟ್ಟು ತಿರುಗಿಸಲೂ ಆಗುವುದಿಲ್ಲ. ಮಳೆಗಾಲ ಅಲ್ವಾ, ಥಂಡಿಗೆ ಹೀಗಾಗಿದೆ ಎನ್ನುತ್ತಾಳೆ. ಡಾಕ್ಟರ್ ರಕ್ತ ಪರೀಕ್ಷೆಗೆ ಬರೆದಿದ್ದಾರೆ, ಅವಳು ಹೋಗಲು ಒಪ್ಪುತ್ತಿಲ್ಲ. ಹೆದರಿಕೆ. ನನಗೂ ಹೆದರಿಕೆ.

ಶಂಕರಪುರದ ಅಕ್ಕ:

ಹೆದರಿಕೆ ಆಗದೆ ಇರುತ್ತದಾ ತಮ್ಮಾ. ಮಳೆಗಾಲದಲ್ಲಿ ನನಗೂ ಬಿಗಿತ ಜಾಸ್ತಿ. ಆದರೆ ಎರಡೂ ಕೈಗೆ ಒಟ್ಟಿಗೆ ಊತ ಬಂದು ವಾರಗಟ್ಟಲೆ ನಿಂತರೆ ಥಂಡಿ ಎಂದು ಬಿಡುವ ಹಾಗಿಲ್ಲ. ಇದು ಸಂಧಿವಾತವೇ ಎಂದು ನಾನು ಹೇಳುತ್ತಿಲ್ಲ. ಕೆಲವು ವೈರಲ್ ಜ್ವರದ ಬೆನ್ನಿಗೂ ಹೀಗೆ ಗಂಟು ಹಿಡಿಯುತ್ತದೆ, ಚಿಕುನ್‌ಗುನ್ಯಾ ಬಂದವರಿಗೆ ಗೊತ್ತು. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಇಎಸ್‌ಆರ್, ಸಿಆರ್‌ಪಿ ಎಂದರೆ ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ನೋಡುವುದು. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಸಂಧಿವಾತಕ್ಕೆ ನೋಡುವುದು. ರಿಪೋರ್ಟ್ ಒಂದನ್ನೇ ನೋಡಿ ತೀರ್ಮಾನ ಮಾಡುವುದಿಲ್ಲ, ಡಾಕ್ಟರ್ ಗಂಟು ಮುಟ್ಟಿಯೂ ನೋಡುತ್ತಾರೆ. ಸಂಧಿವಾತವೇ ಆದರೆ ಬೇಗ ಮದ್ದು ಶುರು ಮಾಡಿದಷ್ಟು ಗಂಟು ಉಳಿಯುತ್ತದೆ. ರುಮಟಾಲಜಿಸ್ಟ್ ಎಂದು ಇದಕ್ಕೇ ಬೇರೆ ಡಾಕ್ಟರ್ ಇರುತ್ತಾರೆ, ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿ.

ಹೋಗುವಾಗ ಬೆಳಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ನಾಲ್ಕು ದಿನ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಊದಿದ ಬೆರಳಿನ ಫೋಟೋ ತೆಗೆದಿಡಿ. ಎದ್ದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಮೆಲ್ಲಗೆ ಮಡಚಿ ಬಿಡಿಸಲು ಹೇಳಿ. ದೋಸೆ ಹಿಟ್ಟು ಕೆಲವು ದಿನ ನೀವು ತಿರುಗಿಸಿ, ಉಪ್ಪು ಎಷ್ಟು ಎಂದು ಅವಳನ್ನೇ ಕೇಳಿ.

ಅವಳಿಗೆ ಹೆಂಗಸರ ಹತ್ತಿರ ಮಾತಾಡಬೇಕು ಅನ್ನಿಸಿದರೆ ನನಗೆ ಖಾಸಗಿ ಸಂದೇಶ ಕಳಿಸಲಿ. ಮಧ್ಯಾಹ್ನ ಎರಡರ ಮೇಲೆ ಆದರೆ ನಾನು ಬಿಡುವು, ಕಟ್ಟೆಯ ಲೆಕ್ಕ ಅಷ್ಟರಲ್ಲಿ ಮುಗಿದಿರುತ್ತದೆ. ಪರೀಕ್ಷೆಗೆ ಯಾವತ್ತು ಹೋಗುತ್ತೀರಿ?

ಕುಂದಾಪುರದಿಂದ ಹೊಸಬ:

ನಿಮ್ಮ ಮಲ್ಲಿಗೆಯ ವಿಷಯ ಓದಿ ಹೇಳಿದೆ ಅಕ್ಕ. ಸೋಮವಾರ ಹೋಗೋಣ ಅಂದಳು. ನಿಮಗೆ ಸಂದೇಶ ಅವಳೇ ಕಳಿಸುತ್ತಾಳಂತೆ.